ತಮಾಷೆಗೆ ಅಂದಿದ್ದು ಅಂದ್ರೆ ಸಾಕಾ?

2021ರ ಜೂನ್ ನೆನಪಿದ್ಯಾ? ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಗೂಗಲ್‌ನಲ್ಲಿ ಇಂಗ್ಲಿಷಲ್ಲಿ ಕೇಳಿದ್ರೆ ಕನ್ನಡ ಅಂತ ಉತ್ತರ ಬರ್ತಿತ್ತು. ಯಾರೋ ಒಬ್ರು ಸ್ಕ್ರೀನ್‌ಶಾಟ್ ಹಾಕಿದ್ರು, ನೋಡ್ತಾ ನೋಡ್ತಾ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಅದೇ, ಎಲ್ಲರಿಗೂ ಮೈ ಉರಿದುಹೋಯ್ತು. ನೋಟಿಸ್ ಕೊಡ್ತೀವಿ ಅಂತ ಮಂತ್ರಿಗಳು ಹೇಳಿದ್ರು, ಗೂಗಲ್‌ನೋರು ಉತ್ತರ ತೆಗೆದುಹಾಕಿ ಕ್ಷಮೆ ಕೇಳಿದ್ರು, ಸರ್ಚ್ ಯಾವಾಗ್ಲೂ ಸರಿಯಾಗಿರಲ್ಲ, ಇದು ನಮ್ಮ ಅಭಿಪ್ರಾಯ ಅಲ್ಲ ಅಂತನೂ ಹೇಳಿದ್ರು.

ಅಲ್ಲಿ ಬೈದೋರು ಯಾರು ಹೇಳಿ? ಯಾರೂ ಇಲ್ಲ. ಯಾವುದೋ ಪೇಜಿನಿಂದ ಒಂದು ಮೆಷಿನ್ ಎತ್ತಿ ತೋರಿಸಿದ್ದು ಅಷ್ಟೇ. ಮೆಷಿನ್‌ಗೆ ಕನ್ನಡದ ಮೇಲೆ ದ್ವೇಷನೂ ಇಲ್ಲ, ಪ್ರೀತಿನೂ ಇಲ್ಲ, ಉದ್ದೇಶ ಅನ್ನೋದೇ ಇಲ್ಲ. ಆದ್ರೂ ನಮಗೆ ನೋವಾಯ್ತು, ಮತ್ತೆ ಆ ನೋವು ಸುಳ್ಳಲ್ಲ. "ಬಿಡ್ರಪ್ಪ, ಅದಕ್ಕೆ ಕೆಟ್ಟ ಉದ್ದೇಶ ಇರ್ಲಿಲ್ಲ" ಅಂತ ಯಾರಾದ್ರೂ ಅಂದಿದ್ರೆ ನಾವು ಸುಮ್ನಿರ್ತಾ ಇದ್ವಾ?

ಆಮೇಲೆ 2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಚೆನ್ನೈನಲ್ಲಿ ಶಿವಣ್ಣನ ಮುಂದೆನೇ ಕನ್ನಡ ತಮಿಳಿಂದ ಹುಟ್ಟಿದ್ದು ಅಂದ್ರು. ಗಲಾಟೆ ಆದಾಗ ಅವರು ಹೇಳಿದ್ದು ಪ್ರೀತಿಯಿಂದ ಹೇಳಿದ್ದು, ಪ್ರೀತಿ ಕ್ಷಮೆ ಕೇಳಲ್ಲ ಅಂತ. ಒಪ್ಪಿದ್ವಾ ನಾವು? ಇಲ್ಲ. ಕ್ಷಮೆ ಕೇಳೋಕೆ ಏನು ಕಷ್ಟ ಅನ್ನೋ ಅರ್ಥದಲ್ಲಿ ನಮ್ಮ ಹೈಕೋರ್ಟೇ ಕೇಳ್ತು. ಅವರ ಸಿನಿಮಾ ಇಲ್ಲಿ ರಿಲೀಸ್ ಆಗ್ಲಿಲ್ಲ, ಆಮೇಲೆ ಸುಪ್ರೀಂ ಕೋರ್ಟು ಹಂಗೆಲ್ಲ ಬೆದರಿಸಿ ಸಿನಿಮಾ ತಡೆಯೋ ಹಾಗಿಲ್ಲ ಅಂತು, ಅದು ಸರಿನೇ ಅಂತ ನನ್ನ ಅನಿಸಿಕೆ. ಅದೂ ಅಲ್ದೆ ಭಾಷೆ ಹೆಂಗೆ ಹುಟ್ತು ಅನ್ನೋದು ಭಾಷಾಶಾಸ್ತ್ರದೋರ ಹತ್ರ ಕೂತು ವಾದ ಮಾಡಬಹುದಾದ ವಿಷಯ, ಬೈಗುಳ ಬೇರೆ. ಆದ್ರೆ ನಾನು ನೋಡ್ತಿರೋದು ಒಂದನ್ನ ಮಾತ್ರ, "ಪ್ರೀತಿಯಿಂದ ಅಂದೆ" ಅನ್ನೋ ಸಮಜಾಯಿಷಿ ನಮ್ಮ ಮೇಲೆ ಬಂದಾಗ ನಮಗೆ ಅದು ಒಂದು ಚೂರೂ ಸಾಲಲಿಲ್ಲ.

ಅದೇ ಸಮಜಾಯಿಷಿನ ನಾವು ದಿನಾ ಬೇರೆಯವರಿಗೆ ಕೊಡ್ತೀವಿ.

ನಮ್ಮ ಸೋದರಮಾವನ ವಿಷಯ ಹೇಳ್ತೀನಿ. ಸಣ್ಣೋರಿದ್ದಾಗಲೇ ಪೋಲಿಯೋ ಬಂದು ಎಡಗಾಲು ಹೋಯ್ತು. ತಾಲ್ಲೂಕು ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಕೊಂಡಿದ್ದಾರೆ, ಮೊದಲೆಲ್ಲ ಒಂದೇ ಕಾಲಲ್ಲಿ ಪೆಡಲ್ ತುಳೀತಿದ್ರು, ಆಮೇಲೆ ಮೆಷಿನ್‌ಗೆ ಮೋಟ್ರು ಹಾಕಿಸಿದ್ರು. ಪ್ಯಾಂಟ್ ಹೊಲಿಯೋದ್ರಲ್ಲಿ ಸುತ್ತಮುತ್ತ ಅವರಷ್ಟು ಫಿಟ್ಟಿಂಗ್ ಕೊಡೋರಿಲ್ಲ, ಇದು ನಮ್ಮ ಮಾವ ಅಂತ ಹೇಳ್ತಿರೋದಲ್ಲ, ಮೇಷ್ಟ್ರುಗಳು, ಬ್ಯಾಂಕಿನೋರು ಟ್ರಾನ್ಸ್‌ಫರ್ ಆಗಿ ಬೇರೆ ಊರಿಗೆ ಹೋದ್ಮೇಲೂ ಬಟ್ಟೆ ತಂದು ಅವರ ಹತ್ರನೇ ಕೊಡ್ತಾರೆ. ಅಂಗಡಿ ಮುಂದೆ ದೊಡ್ಡ ಬೋರ್ಡು, ಅದರಲ್ಲಿ ಇನಿಷಿಯಲ್ ಸಮೇತ ಅವರ ಪೂರ್ತಿ ಹೆಸರು, ಕೆಂಪು ಬಣ್ಣಕ್ಕೆ ಬಿಳಿ ಬಾರ್ಡರ್ ಕಟ್ಟಿ ಬರೆಸಿರೋದು. ಬಿಸಿಲಿಗೆ ಬಣ್ಣ ಮಾಸ್ತು ಅಂದ್ರೆ ಮತ್ತೆ ಬರೆಸ್ತಾರೆ, ಆ ಬೋರ್ಡಿನ ವಿಷಯದಲ್ಲಿ ಮಾತ್ರ ದುಡ್ಡಿನ ಮುಖ ನೋಡಲ್ಲ.

ಊರಿನೋರು ಆ ಅಂಗಡಿಗೆ ಏನಂತಾರೆ ಗೊತ್ತಾ? ಕುಂಟನ ಅಂಗಡಿ. "ಕುಂಟನ ಅಂಗಡಿ ಹತ್ರ ಇಳ್ಕೊಳ್ಳಿ", "ಕುಂಟನ ಅಂಗಡಿ ಎದುರುಗಡೆ ಸಂದಿ", ಕೊರಿಯರ್ ಹುಡುಗ ಫೋನ್ ಮಾಡಿ ದಾರಿ ಕೇಳಿದ್ರೆ ಪಕ್ಕದ ಬೇಕರಿಯೋರು ಹೇಳೋದೂ ಅದೇ. ಇವರಲ್ಲಿ ಒಬ್ಬರಿಗೂ ಮಾವನ ಮೇಲೆ ದ್ವೇಷ ಇಲ್ಲ. ಬೇಕರಿಯೋರಂತೂ ಮಾವನಿಗೆ ಹುಷಾರಿಲ್ದಾಗ ರಾತ್ರೋರಾತ್ರಿ ಆಟೋದಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದೋರು. ಮಾವ ಏನಾದ್ರೂ ತಮಾಷೆ ಮಾಡಿದ್ರೆ ಸಾಕು, "ಕುಂಟಂಗೆ ಎಂಟು ಚೇಷ್ಟೆ" ಅಂತ ಯಾರಾದ್ರೂ ಒಬ್ರು ಅಂದೇ ಅಂತಾರೆ, ಎಲ್ಲರೂ ನಗ್ತಾರೆ, ಮಾವನೂ ನಗ್ತಾರೆ. ಅವರೇ ನಗ್ತಾರಲ್ಲ ನಿಂಗೇನು ಅಂತ ನನ್ನ ಕೇಳಿದೋರೂ ಇದ್ದಾರೆ. ಅವರು ನಗದೆ ಇನ್ನೇನು ಮಾಡಬೇಕು? ಬೆಳಗಿಂದ ಸಂಜೆವರೆಗೂ ಅದೇ ಜನಕ್ಕೆ ಬಟ್ಟೆ ಹೊಲ್ದು ಕೊಡಬೇಕು, ಅದೇ ರಸ್ತೆಯಲ್ಲಿ ಬದುಕಬೇಕು. ಒಂದೊಂದು ಸಲಕ್ಕೂ ಮುಖ ಗಂಟು ಹಾಕ್ಕೊಂಡ್ರೆ ಕಾಲು ಹೋದೋನಿಗೆ ಸಿಟ್ಟು ಜಾಸ್ತಿ ಅಂತ ಅದನ್ನೂ ಅವರ ಮೇಲೇ ಹಾಕ್ತಾರೆ.

ಅವರ ಮಗಳು ಹೈಸ್ಕೂಲಿಗೆ ಸೇರಿದಾಗ ಕ್ಲಾಸಲ್ಲಿ ಒಂದು ಹುಡುಗಿ ಇವಳನ್ನ ಗುರುತು ಹಿಡಿದು ಕುಂಟನ ಮಗಳಲ್ವಾ ನೀನು ಅಂದಿದ್ದಾಳೆ. ಆ ಹುಡುಗಿ ಕೆಟ್ಟೋಳಲ್ಲ, ಅವಳ ಮನೆಯಲ್ಲಿ ಅವಳಿಗೆ ಗೊತ್ತಿದ್ದ ಹೆಸರೇ ಅದು, ಬೇರೆ ಹೆಸರು ಇದೆ ಅಂತನೇ ಗೊತ್ತಿಲ್ಲ. ನಮ್ಮ ಹುಡುಗಿ ಮನೆಗೆ ಬಂದು ಊಟ ಮಾಡ್ಲಿಲ್ಲ. ಅಪ್ಪನ ಹತ್ರ ಹೇಳೋ ಹಾಗಿಲ್ಲ, ನನಗೆ ಫೋನ್ ಮಾಡಿ ಅತ್ತಳು. ಆವತ್ತು ಯಾರ ಉದ್ದೇಶನೂ ಕೆಟ್ಟದಾಗಿರ್ಲಿಲ್ಲ ಸ್ವಾಮಿ, ಊರಲ್ಲಿ ಒಬ್ಬರದ್ದೂ ಇಲ್ಲ. ಆದ್ರೂ ಒಂದು ಮಗು ಅಪ್ಪನ ಹೆಸರಿನ ವಿಷಯಕ್ಕೆ ಊಟ ಬಿಟ್ಟು ಕೂತಿತ್ತು.

ಅದಕ್ಕೇ ಈ ಉದ್ದೇಶದ ವಾದ ಕೇಳಿದ್ರೆ ನನಗೆ ಸಮಾಧಾನ ಆಗಲ್ಲ. ಉದ್ದೇಶ ಸುಳ್ಳು ಅಂತ ನಾನು ಹೇಳ್ತಿಲ್ಲ, ನಿಜವಾಗ್ಲೂ ಇರಲ್ಲ. ಆದ್ರೆ ಉದ್ದೇಶದಿಂದ ತೀರ್ಮಾನ ಆಗೋದು ಆ ಮನುಷ್ಯನ್ನ ಏನು ಮಾಡಬೇಕು ಅನ್ನೋದು, ಅವನ ಮೇಲೆ ಸಿಟ್ಟಾಗಬೇಕಾ, ಕ್ಷಮಿಸಬೇಕಾ, ಪಕ್ಕಕ್ಕೆ ಕರೆದು ಹೇಳಿದ್ರೆ ಸಾಕಾ, ಇಷ್ಟು. ಆ ಮಾತನ್ನ ಇನ್ಮೇಲೂ ಆಡ್ತಾ ಇರಬಹುದಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಉದ್ದೇಶದಲ್ಲಿ ಸಿಗಲ್ಲ.

ಇನ್ನೊಂದು ವಿಷಯ ಇದೆ, ಇದನ್ನ ಜನ ಅಷ್ಟು ಗಮನಿಸಲ್ಲ. ಎಷ್ಟೋ ಬೈಗುಳದಲ್ಲಿ ನಾವು ಬೈಯೋದು ಒಬ್ಬರನ್ನ, ಪೆಟ್ಟು ಬೀಳೋದು ಇನ್ನೊಬ್ಬರಿಗೆ. 2023ರ ಆಗಸ್ಟಲ್ಲಿ ಉಪೇಂದ್ರ ತಮ್ಮ ಪಕ್ಷದ ವಾರ್ಷಿಕೋತ್ಸವ ಅಂತ ಲೈವ್ ಬಂದಿದ್ರು, ಟೀಕೆ ಮಾಡೋರು ಎಲ್ಲಾ ಕಡೆ ಇರ್ತಾರೆ ಅನ್ನೋಕೆ ಊರು ಅಂದ್ಮೇಲೆ ಹೊಲಗೇರಿ ಇರುತ್ತೆ ಅನ್ನೋ ಗಾದೆ ತಂದ್ರು. ವಿರೋಧ ಬಂತು, ವಿಡಿಯೋ ಡಿಲೀಟ್ ಮಾಡಿ ಕ್ಷಮೆ ಕೇಳಿದ್ರು, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಎಫ್‌ಐಆರ್ ಆಯ್ತು, ಹೈಕೋರ್ಟ್ ತಡೆ ಕೊಡ್ತು. ಆಗ ನಮ್ಮ ಆಫೀಸಲ್ಲಿ ಊಟದ ಟೈಮಲ್ಲಿ ನಡೆದ ಚರ್ಚೆ ಎಲ್ಲಾ ಒಂದೇ, ಅವರು ದಲಿತರ ಬಗ್ಗೆ ಮಾತಾಡ್ತಾನೇ ಇರ್ಲಿಲ್ಲ, ಟೀಕೆ ಮಾಡೋರ ಬಗ್ಗೆ ಮಾತಾಡ್ತಿದ್ರು, ಗಾದೆ ತಾನೇ ಅಂತ. ಸರಿ, ಒಪ್ಪಿದೆ, ಅವರ ಗುರಿ ಟೀಕೆ ಮಾಡೋರೇ. ಆದ್ರೆ ಟೀಕಾಕಾರರನ್ನ ಕೀಳು ಮಾಡಿ ತೋರಿಸೋಕೆ ಆ ಗಾದೆ ಹೆಂಗೆ ಕೆಲಸ ಮಾಡುತ್ತೆ ನೋಡಿ. ಊರಲ್ಲಿ ಇರಬಾರದ ಜಾಗ, ಆದ್ರೆ ಇರುತ್ತೆ ಏನ್ ಮಾಡೋದು ಅಂತ ಒಂದು ಕೇರಿನ ಮೊದಲೇ ಒಪ್ಪಿಕೊಂಡಿದ್ರೆ ಮಾತ್ರ ಆ ಗಾದೆಗೆ ಅರ್ಥ ಬರೋದು. ಆ ಕೇರಿಯಲ್ಲಿ ಹುಟ್ಟಿ ಬೆಳೆದೋರು ಅದೇ ಲೈವ್ ನೋಡ್ತಾ ಇರ್ತಾರೆ, ಉಪೇಂದ್ರ ಅವರದ್ದೇ ಸಿನಿಮಾಕ್ಕೆ ಮೊದಲ ದಿನ ಟಿಕೆಟ್ ತಗೊಂಡೋರೂ ಅದರಲ್ಲಿ ಇರ್ತಾರೆ. ಬೈಸ್ಕೊಳ್ಳೋಕೂ ಅವರಿಗೆ ಅಲ್ಲಿ ಜಾಗ ಇಲ್ಲ, ಬೇರೆ ಯಾರನ್ನೋ ಹೊಡೆಯೋಕೆ ಅವರು ಕೈಗೆ ಸಿಕ್ಕ ಕಲ್ಲು.

ಯುವರಾಜ್ ಸಿಂಗ್ ವಿಷಯದಲ್ಲೂ ಹಿಂಗೇ ಆಯ್ತು. 2020ರ ಲಾಕ್‌ಡೌನ್ ಟೈಮಲ್ಲಿ ರೋಹಿತ್ ಶರ್ಮಾ ಜೊತೆ ಇನ್‌ಸ್ಟಾಗ್ರಾಮ್ ಲೈವ್ ಮಾಡ್ತಾ ಚಾಹಲ್‌ನ ವಿಡಿಯೋ ಹುಚ್ಚಿನ ಬಗ್ಗೆ ಕಾಲೆಳೀತಾ ಒಂದು ದಲಿತ ಜಾತಿಯ ಹೆಸರನ್ನೇ ಬೈಗುಳದ ಥರ ಬಳಸಿದ್ರು. ಚಾಹಲ್ ಅವರ ಫ್ರೆಂಡು, ಅದು ಪೂರ್ತಿ ತಮಾಷೆ, ಅದರಲ್ಲಿ ಅನುಮಾನನೇ ಇಲ್ಲ. ಆದ್ರೆ ಬೀದಿ ಗುಡಿಸಿ ನಮ್ಮ ಕೊಳಕು ಎತ್ತೋ ಜನರ ಹೆಸರು ಹಂಗೆ ಫ್ರೆಂಡಿಗೆ ಹೊಡೆಯೋ ಜೋಕ್ ಆಗಿತ್ತು. ಯುವರಾಜ್ ವಿಷಾದ ವ್ಯಕ್ತಪಡಿಸಿದ್ರು, 2021ರಲ್ಲಿ ಹರಿಯಾಣ ಪೊಲೀಸರು ಅರೆಸ್ಟ್ ಮಾಡಿ ಬೇಲ್ ಮೇಲೆ ಬಿಟ್ರು.

ನಮ್ಮ ರಾಜಕಾರಣಿಗಳ "ನಾವೇನು ಬಳೆ ತೊಟ್ಕೊಂಡಿದ್ದೀವಾ" ಅನ್ನೋದು ಇದೇ ಜಾತಿಗೆ ಸೇರಿದ್ದು, ಪಕ್ಷಭೇದ ಇಲ್ದೆ ಎಲ್ಲರೂ ಅಂತಾರೆ. ವೇದಿಕೆ ಮುಂದೆ ಕೈತುಂಬ ಬಳೆ ಹಾಕ್ಕೊಂಡು, ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಬಸ್ ಹತ್ತಿ ಭಾಷಣ ಕೇಳೋಕೆ ಬಂದಿರೋ ಹೆಂಗಸರು ಕೂತಿರ್ತಾರೆ. ಮಾತಿನ ಗುರಿ ಎದುರು ಪಕ್ಷದ ಗಂಡಸು. ಅವಮಾನ ಯಾರಿಗಾಯ್ತು?

ಕಾನೂನು ಏನು ಹೇಳುತ್ತೆ ಅಂತನೂ ಸ್ವಲ್ಪ ನೋಡಬೇಕು, ಯಾಕಂದ್ರೆ "ಕೋರ್ಟೇ ಉದ್ದೇಶ ನೋಡುತ್ತೆ" ಅಂತ ಜನ ಬೇಗ ಹೇಳಿಬಿಡ್ತಾರೆ. ಹೌದು, ಬಹಳ ಕಡೆ ನೋಡುತ್ತೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 92ನೇ ಸೆಕ್ಷನ್ ಪ್ರಕಾರ ನಾಲ್ಕು ಜನರ ಕಣ್ಣಿಗೆ ಬೀಳೋ ಜಾಗದಲ್ಲಿ ಅಂಗವಿಕಲರನ್ನ ಬೇಕಂತಲೇ ಅವಮಾನ ಮಾಡಿದ್ರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಆದ್ರೆ ಅವಮಾನ ಮಾಡೋ ಉದ್ದೇಶ ಇರಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಈಗ ಎರಡು ಬೇರೆ ಬೇರೆ ಕಲಮು ಇದೆ, 3(1)(ಆರ್)ನಲ್ಲಿ ಅವಮಾನ ಮಾಡೋ ಉದ್ದೇಶದಿಂದ ಅಂತ ಸ್ಪಷ್ಟವಾಗಿ ಬರೆದಿದೆ, ಅದರ ಪಕ್ಕದ 3(1)(ಎಸ್) ಸಾರ್ವಜನಿಕರ ಎದುರು ಜಾತಿ ಹೆಸರು ಹಿಡಿದು ಬೈಯೋದರ ಬಗ್ಗೆ, ಅದರಲ್ಲಿ ಉದ್ದೇಶ ಅನ್ನೋ ಪದನೇ ಬರೆದಿಲ್ಲ. 2008ರಲ್ಲಿ ಸ್ವರಣ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ, ಒಂದು ಜಾತಿಯ ಹೆಸರಿಗೆ ಹಿಂದೆ ಮೂಲ ಅರ್ಥ ಏನಿತ್ತು ಅಂತ ನೋಡೋದಲ್ಲ, ಇವತ್ತು ಜನ ಅದನ್ನ ಯಾವ ಅರ್ಥದಲ್ಲಿ ಬಳಸ್ತಾರೆ ಅಂತ ನೋಡಬೇಕು ಅಂತ. "ಅದು ಬರೀ ಕಸುಬಿನ ಹೆಸರು ಕಣ್ರೀ" ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಎಲ್ಲೂ ಓದಿಲ್ಲ. 2024ರ ಜುಲೈನಲ್ಲಿ ನಿಪುಣ್ ಮಲ್ಹೋತ್ರಾ ಕೇಸಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಅಂಗವಿಕಲತೆ ಬಗ್ಗೆ ತಮಾಷೆನೇ ಬೇಡ ಅಂತ ಹೇಳ್ಲಿಲ್ಲ, ಜನಕ್ಕೆ ಅವರ ಬದುಕನ್ನ ಅರ್ಥ ಮಾಡಿಸೋ ಹಾಸ್ಯ ಬೇರೆ, ಅವರನ್ನ ಕೀಳಾಗಿ ತೋರಿಸೋ ಹಾಸ್ಯ ಬೇರೆ ಅಂತ ಗೆರೆ ಎಳೀತು.

ಕೋರ್ಟು ಉದ್ದೇಶ ನೋಡೋದು ನನಗೆ ಸರಿ ಅನ್ನಿಸುತ್ತೆ, ನೋಡಲೇಬೇಕು. ಒಬ್ಬನ ವರ್ಷಗಳನ್ನ ಕಿತ್ಕೊಂಡು ಜೈಲಿಗೆ ಹಾಕೋ ವಿಷಯ ಅದು, ಗೊತ್ತಿಲ್ದೆ ಬಾಯಿ ತಪ್ಪಿದೋನ್ನ ಒಳಗೆ ಹಾಕಬಾರದು. ಆದ್ರೆ ಜೈಲಿಗೆ ಹಾಕೋ ಅಳತೆನ ತಂದು ಮನೆ, ಆಫೀಸು, ಕಟ್ಟೆ ಮಾತಿಗೆ ಇಟ್ಟರೆ ಹೆಂಗೆ? ಕಾನೂನಿನ ಪ್ರಕಾರ ತಪ್ಪಲ್ಲ ಅನ್ನೋದು ನಮ್ಮ ನಡವಳಿಕೆಗೆ ಸಾಕಾಗೋ ಸರ್ಟಿಫಿಕೇಟ್ ಆಯ್ತಾ? ಅತ್ತೆ ಮಾವನ್ನ ಏಕವಚನದಲ್ಲಿ ಮಾತಾಡಿಸೋದೂ ಯಾವ ಕಾನೂನಲ್ಲೂ ಅಪರಾಧ ಅಲ್ಲ, ನಾವು ಮಾಡ್ತೀವಾ?

ಈಗ ಕಷ್ಟದ ಜಾಗಕ್ಕೆ ಬರ್ತೀನಿ, ಯಾಕಂದ್ರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ನನಗೂ ಮನಸ್ಸಿಲ್ಲ. ಹಳೇ ಮೈಸೂರು ಕಡೆ "ಮುಂಡೇದೇ" ಅನ್ನೋದನ್ನ ಎಷ್ಟು ಪ್ರೀತಿಯಿಂದ ಅಂತಾರೆ ಅಂತ ಆ ಕಡೆಯೋರಿಗೆ ಹೇಳಬೇಕಾಗಿಲ್ಲ. ಪಾಪ ಮುಂಡೇದು, ಹಸ್ಕೊಂಡು ಬಂದೈತೆ ಅಂತ ನಮ್ಮಜ್ಜಿ ಮೊಮ್ಮಕ್ಕಳಿಗೆ ತುಪ್ಪ ಬಡಿಸ್ತಿದ್ರು. ಮುಂಡೆ ಅಂದ್ರೆ ಗಂಡ ಸತ್ತೋಳು. ನಮ್ಮಜ್ಜಿ ಮೂವತ್ತು ದಾಟೋ ಮುಂಚೆನೇ ಗಂಡನ್ನ ಕಳ್ಕೊಂಡೋರು, ಅದೇ ಪದ ಅವರ ಮೇಲೆ ಬೈಗುಳವಾಗಿ ಎಷ್ಟು ಸಲ ಬಿದ್ದಿತ್ತೋ ದೇವರಿಗೇ ಗೊತ್ತು, ಅವರ ಬಾಯಲ್ಲಿ ಅದು ಮುದ್ದಿನ ಮಾತಾಗಿತ್ತು. ಅಜ್ಜಿ ಹಂಗೆ ಕರೆದಿದ್ದನ್ನ ತಪ್ಪು ಅನ್ನೋಕೆ ನನಗೆ ಆಗಲ್ಲ, ಅನ್ನೋದೂ ಇಲ್ಲ. ಆದ್ರೆ ಅದೇ ಮನೆಯಲ್ಲಿ ನಮ್ಮ ದೊಡ್ಡಪ್ಪ ಆಳುಗಳನ್ನ ಕೂಗೋವಾಗ "ಮುಂಡೇಮಕ್ಳಾ" ಅಂತಿದ್ರು, ಅವರದೂ ಕೋಪ ಇಲ್ಲದ ಮಾತೇ, ಅಭ್ಯಾಸ ಅಷ್ಟೇ. ಅವರು ಹಂಗೆ ಅಂದಾಗ ಅಡುಗೆಮನೆಯಲ್ಲಿದ್ದ ಅಜ್ಜಿ ಒಂದು ಕ್ಷಣ ಕೈ ನಿಲ್ಲಿಸಿದ್ದನ್ನ ನಾನು ನೋಡಿದ್ದೀನಿ. ಪದ ಒಂದೇ, ಇಬ್ಬರಿಗೂ ಕೆಟ್ಟ ಉದ್ದೇಶ ಇಲ್ಲ. ಒಬ್ಬರು ಆ ನೋವು ಉಂಡೋರು, ಇನ್ನೊಬ್ಬರು ಅದರ ಬಿಸಿನೇ ತಾಗದೋರು. ಅದು ದೊಡ್ಡ ವ್ಯತ್ಯಾಸ ಅಂತ ನನಗೆ ಅನ್ನಿಸುತ್ತೆ. ದಲಿತ ಕವಿಗಳು ತಮ್ಮ ಕೇರಿ ಹೆಸರನ್ನ, ತಮಗೆ ಬಿದ್ದ ಬೈಗುಳನ ಕವನದಲ್ಲಿ ಎದೆ ಎತ್ತಿ ಬರೆದಿದ್ದನ್ನ ತೋರಿಸಿ "ಅವರು ಬರೀಬಹುದು ನಾವು ಅನ್ನಬಾರದಾ" ಅಂತ ಕೇಳೋರಿಗೂ ನನ್ನ ಉತ್ತರ ಇದೇ.

ಹಂಗೇ ಪೇಪರಿನೋರು ಬರೆಯೋ "ಜಾಣ ಕುರುಡು", "ಕುಂಟು ನೆಪ", "ಕಾಮಗಾರಿ ಕುಂಟುತ್ತಾ ಸಾಗಿದೆ" ಇವೆಲ್ಲ ಇದ್ದಾವಲ್ಲ, ಅವು ಒಬ್ಬ ಮನುಷ್ಯನ್ನ ತೋರಿಸಿ ಕುಂಟ ಅನ್ನೋದಕ್ಕೆ ಸಮ ಅಂತ ನಾನು ಹೇಳಲ್ಲ. ಆದ್ರೆ ಬದಲಾಯಿಸೋಕೆ ಕಷ್ಟನೂ ಇಲ್ಲ, ನಿಧಾನವಾಗಿ ಸಾಗಿದೆ ಅಂತ ಬರೆದ್ರೆ ಸುದ್ದಿಯಲ್ಲಿ ಏನು ಕಮ್ಮಿ ಆಗುತ್ತೆ?

ಉದ್ದೇಶ ನೋಡಿ ಅನ್ನೋ ಔದಾರ್ಯ ನಾವು ಎಲ್ಲರಿಗೂ ಒಂದೇ ಥರ ಹಂಚಿದ್ದೀವಾ ಅಂತನೂ ಕೇಳ್ಕೋಬೇಕು. 1973ರ ನವೆಂಬರಲ್ಲಿ ಮೈಸೂರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದ್ರು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ ಆಗಿದ್ದೋರು, ದಲಿತ ನಾಯಕರು, ಮಲ ಹೊರೋ ಪದ್ಧತಿ ನಿಲ್ಲಿಸೋಕೆ ನಿಂತೋರು. ದಲಿತ ಹುಡುಗರು ಓದಿ ಮೇಲೆ ಬರಬೇಕು ಅನ್ನೋ ಕಾಳಜಿ ಅವರದ್ದು. ಅವರ ಉದ್ದೇಶ ಏನು ಅಂತ ಕೇಳೋ ತಾಳ್ಮೆ ಆಗ ಎಷ್ಟು ಜನಕ್ಕಿತ್ತು? ಗಲಾಟೆ ಎದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು, ಅವರು ಮಂತ್ರಿ ಸ್ಥಾನ ಬಿಡಬೇಕಾಯ್ತು. ಪುಸ್ತಕಗಳ ಬಗ್ಗೆ ಅಂದ ಒಂದು ಮಾತಿಗೆ ಅಷ್ಟು. ಮನುಷ್ಯರ ಬಗ್ಗೆ, ಅವರ ಹುಟ್ಟಿನ ಬಗ್ಗೆ ಶತಮಾನದಿಂದ ಆಡ್ಕೊಂಡು ಬಂದಿರೋ ಮಾತಿಗೆ ಮಾತ್ರ ಗಾದೆ ತಾನೇ, ರೂಢಿ ತಾನೇ ಅಂತೀವಿ.

ಗೊತ್ತಿಲ್ದೆ ಅಂದೋರ ಮೇಲೆ ನನಗೆ ಸಿಟ್ಟಿಲ್ಲ. ಮಾವನ ಊರಿನ ಬೇಕರಿಯೋರ ಹತ್ರ ಹೋಗಿ ಒಂದಿನ ಹೇಳಿದೆ, ಅಣ್ಣ, ಮಗಳು ಬೆಳೀತಿದ್ದಾಳೆ, ಟೈಲರ್ ಅಂಗಡಿ ಅನ್ನಿ, ಇಲ್ಲಾ ಹೆಸರು ಹೇಳಿ ಅಂತ. ಅಯ್ಯೋ ಹೌದಲ್ಲಮ್ಮ ಅಂದ್ರು, ಅಷ್ಟೇ, ಅವತ್ತಿಂದ ಹೆಸರು ಹೇಳ್ತಾರೆ. ಆದ್ರೆ ಹೇಳಿದ್ಮೇಲೂ ನಾನೇನು ಬೇಕಂತ ಅಂದ್ನಾ ಅಂತ ಅದೇ ಪದನ ಮತ್ತೆ ಮತ್ತೆ ಅನ್ನೋರು ಇದ್ದಾರಲ್ಲ, ಅವರ ಉದ್ದೇಶ ಇನ್ನು ಒಳ್ಳೇದು ಅಂತ ನಾನು ಒಪ್ಪಲ್ಲ. ನೋವಾಗುತ್ತೆ ಅಂತ ಗೊತ್ತಾಯ್ತು, ಗೊತ್ತಾದ್ಮೇಲೂ ಅಂದ್ರಿ ಅಂದ್ರೆ ಅದು ಬೇಕಂತಲೇ ಅಂದಂಗೆ. "ಯಾರಿಗಾದ್ರೂ ನೋವಾಗಿದ್ರೆ ಕ್ಷಮೆ ಇರಲಿ" ಅನ್ನೋ ಕ್ಷಮೆನೂ ನನಗೆ ಹಿಡಿಸಲ್ಲ. ನೋವಾಗಿದೆ ಅಂತ ಜನ ಎದುರಿಗೆ ನಿಂತು ಹೇಳ್ತಾ ಇರೋವಾಗ ಆಗಿದ್ರೆ ಅನ್ನೋದು ಯಾಕೆ? ನಾನು ಅಂದಿದ್ದು ತಪ್ಪು, ಇನ್ಮೇಲೆ ಅನ್ನಲ್ಲ, ಇಷ್ಟು ಸಾಕು.

ಹಂಗಾದ್ರೆ ಬೈಯೋದೇ ಬೇಡ್ವಾ, ಭಾಷೆನೇ ಸಪ್ಪೆ ಆಗೋಗುತ್ತೆ ಅಂತ ನನ್ನ ಕಸಿನ್ ಒಬ್ಬ ವಾದ ಮಾಡ್ತಾನೆ. ಬೈರಿ, ಯಾರು ಬೇಡ ಅಂದ್ರು? ಕನ್ನಡದಲ್ಲಿ ಬೈಯೋಕೆ ಪದಕ್ಕೆ ಬರ ಬಂದಿಲ್ಲ. ಸೋಂಬೇರಿ, ಸುಳ್ಳಬುರುಕ, ಲಂಚಕೋರ, ತಲೆಹರಟೆ, ಮಾನಗೆಟ್ಟೋನು, ನಂಬಿಕೆದ್ರೋಹಿ, ದಗಾಕೋರ, ಬೇಕಾದಷ್ಟಿದೆ, ಎಲ್ಲಾ ಆ ಮನುಷ್ಯ ಮಾಡಿದ್ದನ್ನ ಹಿಡಿದು ಬೈಯೋ ಪದ, ಅವನಿಗೇ ನೇರ ಹೋಗಿ ತಾಗುತ್ತೆ, ಪಕ್ಕದಲ್ಲಿ ನಿಂತೋರಿಗೆ ಏನೂ ಆಗಲ್ಲ. ಮಳೆಗಾಲ ಮುಗಿಯೋದ್ರೊಳಗೆ ಕಿತ್ತೋಗೋ ರಸ್ತೆ ಮಾಡಿ ಬಿಲ್ ಎತ್ತಿದೋನು ಬಳೆ ತೊಟ್ಕೊಳ್ಳೋದು ಬೇಡ, ಕುರುಡನೂ ಅಲ್ಲ ಅವನು, ಅವನಿಗೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಕಳ್ಳ ಅನ್ನಿ, ಜೋರಾಗೇ ಅನ್ನಿ, ಎಷ್ಟು ದುಡ್ಡು ಬಂದಿತ್ತು, ಎಷ್ಟು ಜಲ್ಲಿ ಹಾಕಿದೆ ಅಂತ ಪಂಚಾಯ್ತಿಯಲ್ಲಿ ನಿಂತು ಲೆಕ್ಕ ಕೇಳಿ.